ಕಾಲುಸೂಪು ಕುಡಿದರೆ ಮೂಳೆ ಕೂಡುತ್ತದೆಯೇ?

ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಬಳಿ ತೊಡೆಮೂಳೆ ಮುರಿದುಕೊಂಡಿದ್ದ ಎಪ್ಪತ್ತೆರಡು ವರ್ಷದ ಅಜ್ಜಿಯೊಬ್ಬರನ್ನು, ಶಸ್ತ್ರಚಿಕಿತ್ಸೆಯಾದ ಆರು ವಾರಗಳ ನಂತರ ಅವರ ಮಗ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಕರೆತಂದರು ಎನ್ನುವುದಕ್ಕಿಂತ ಎತ್ತಿಕೊಂಡು ಬಂದರು ಎನ್ನುವುದೇ ಸರಿ. ಹೊಲಿಗೆ ಹಾಕಿದ್ದ ಗಾಯ ಚೆನ್ನಾಗಿ ಮಾಗಿತ್ತು. ಎಕ್ಸ್‌ರೇಯಲ್ಲಿ ರಾಡು ತನ್ನ ಜಾಗದಲ್ಲೇ ಇತ್ತು. ಆದರೆ ಅಜ್ಜಿ ಮಾತ್ರ ಒಣಗಿದ ಕಡ್ಡಿಯಂತಾಗಿದ್ದರು. ತೂಕ ಆರು ಕಿಲೋ ಇಳಿದಿತ್ತು. ತೋಳಿನ ಮಾಂಸ ಜೋತುಬಿದ್ದಿತ್ತು, ಎರಡೂ ಪಾದಗಳು ಊದಿದ್ದವು, ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು ಶುರುವಾಗಿತ್ತು. ಎದ್ದು ನಿಲ್ಲಲು ಕಾಲಿನಲ್ಲಿ ಶಕ್ತಿಯೇ ಇರಲಿಲ್ಲ.

"ಊಟಕ್ಕೆ ಏನು ಕೊಡ್ತಿದ್ದೀರಿ?" ಎಂದು ಕೇಳಿದೆ.

"ದಿನಕ್ಕೆ ಮೂರು ಹೊತ್ತೂ ಕಾಲುಸೂಪೇ ಸಾರ್. ಜಿಡ್ಡು ಆಗಲ್ಲ ಅಂತ ಮೇಲಿನದು ತೆಗೆದೇ ಕೊಡ್ತೀವಿ. ಅನ್ನ, ಮುದ್ದೆ ಜೀರ್ಣ ಆಗಲ್ಲ ಅಂತ ನಾವೇ ನಿಲ್ಲಿಸಿದ್ದೀವಿ. ಸೂಪಿನಲ್ಲೇ ಎಲ್ಲಾ ಇರುತ್ತಲ್ಲ ಸಾರ್? ನೀವೇ ಹೇಳಿದ್ರಲ್ಲ!"

ನಾನು ಹೇಳಿದ್ದು ನಿಜ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವರು ಚೀಟಿ ತೋರಿಸಲು ಬಂದಾಗ, ಇನ್ನೊಬ್ಬ ರೋಗಿಯ ರಕ್ತದೊತ್ತಡ ನೋಡುತ್ತಲೇ "ಹಗುರವಾಗಿ ಏನಾದರೂ ಸೂಪು-ಗೀಪು ಕೊಡಿ" ಎಂದಿದ್ದೆ. ವೈದ್ಯರ ಬಾಯಿಂದ ಬಂದ ಇಂತಹ ಅರೆಮಾತು ಮನೆಯವರಿಗೆ ಆಜ್ಞೆಯಾಗಿಬಿಡುತ್ತದೆ. ಆ ಮನೆಯ ಸೊಸೆ ಆರು ವಾರ ಬೆಳಗಿನ ಜಾವ ಎದ್ದು ಕಾಲು ಸುಟ್ಟು, ಹೆರೆದು, ಕುದಿಸಿ, ಸೋಸಿ ಕೊಟ್ಟಿದ್ದರು. ಶ್ರದ್ಧೆಗೆ ಏನೂ ಕೊರತೆ ಇರಲಿಲ್ಲ. ಅಜ್ಜಿಗೆ ಸಿಗುತ್ತಿದ್ದ ಆಹಾರಕ್ಕೆ ಮಾತ್ರ ಕೊರತೆ ಇತ್ತು.

ಈ ಲೇಖನ ಸೂಪಿನ ವಿರುದ್ಧದ ಲೇಖನವಲ್ಲ. ನಮ್ಮ ಮನೆಯಲ್ಲೂ ಭಾನುವಾರ ಮಾಂಸ ತಂದರೆ ಸೋಮವಾರ ಸಂಜೆಗೆ ಎಲುಬಿನ ಸೂಪು ಇದ್ದೇ ಇರುತ್ತದೆ, ಮತ್ತು ಅದನ್ನು ಕುದಿಸುವ ಪಾಳಿ ಹೆಚ್ಚಾಗಿ ನನ್ನದೇ. ಆದರೆ ಎಲುಬು ಬೇಯಿಸಿದ ನೀರಿನಲ್ಲಿ ಏನಿದೆ, ಏನಿಲ್ಲ ಎಂಬುದನ್ನು ತಿಳಿದು ಕುಡಿಯುವುದು ಒಳ್ಳೆಯದು.

ಸುಣ್ಣ ಎಲ್ಲಿ ಹೋಯಿತು?

"ಮೂಳೆಯಲ್ಲಿ ಕ್ಯಾಲ್ಸಿಯಂ ಇದೆ, ಆದ್ದರಿಂದ ಮೂಳೆ ಬೇಯಿಸಿದ ನೀರಿನಲ್ಲೂ ಕ್ಯಾಲ್ಸಿಯಂ ಇರಬೇಕು" ಎಂಬುದು ಸಹಜವಾದ ಲೆಕ್ಕ. ಆದರೆ ಅದು ತಪ್ಪು ಲೆಕ್ಕ. ಒಣಗಿದ ಎಲುಬಿನ ತೂಕದಲ್ಲಿ ಸುಮಾರು ಮೂರನೆಯ ಎರಡು ಭಾಗ ಖನಿಜ, ಅದರಲ್ಲಿ ಮುಖ್ಯವಾದದ್ದು ಸುಣ್ಣ ಮತ್ತು ರಂಜಕ ಸೇರಿದ ಗಟ್ಟಿ ಲವಣ. ಉಳಿದದ್ದು ಬಹುಪಾಲು ಕೊಲಾಜೆನ್ ಎಂಬ ನಾರಿನಂತಹ ಪ್ರೋಟೀನ್. ಮನೆ ಕಟ್ಟುವಾಗ ಕಬ್ಬಿಣದ ಸರಳಿನ ಸುತ್ತ ಕಾಂಕ್ರೀಟು ತುಂಬುತ್ತಾರಲ್ಲ, ಹಾಗೆ ಈ ನಾರಿನ ಸುತ್ತ ಸುಣ್ಣ ತುಂಬಿಕೊಂಡಿರುತ್ತದೆ. ಈ ಲವಣ ಬರಿ ನೀರಿನಲ್ಲಿ ಕರಗುವ ಸ್ವಭಾವದ್ದಲ್ಲ. ನೂರಾರು ವರ್ಷ ಮಣ್ಣಿನಲ್ಲಿ ಹೂತಿದ್ದರೂ ಆಕಾರ ಕೆಡದ ಎಲುಬು ನಮ್ಮ ಕುಕ್ಕರಿನಲ್ಲಿ ಒಂದು ಗಂಟೆಗೆ ಕರಗೀತೇ?

ನಂಬಿಕೆ ಬರದಿದ್ದರೆ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಎರಡು ಪರೀಕ್ಷೆ ಮಾಡಿ ನೋಡಿ. ಕೋಳಿಯ ಕಾಲಿನ ಎಲುಬೊಂದನ್ನು ಶುಚಿಮಾಡಿ ಒಂದು ಲೋಟ ವಿನೆಗರಿನಲ್ಲಿ ಮುಳುಗಿಸಿಡಿ. ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸಿ. ವಾರ ಕಳೆಯುವ ಹೊತ್ತಿಗೆ ಎಲುಬು ರಬ್ಬರಿನಂತೆ ಬಾಗುತ್ತದೆ. ಹುಳಿಗೆ ಸುಣ್ಣ ಕರಗಿ ಹೋಯಿತು, ನಾರು ಉಳಿಯಿತು. ಎರಡನೆಯದು ಇನ್ನೂ ಸುಲಭ. ಕುಕ್ಕರಿನಲ್ಲಿ ಗಂಟೆಗಟ್ಟಲೆ ಬೆಂದ ಕೋಳಿ ಎಲುಬನ್ನು ಬೆರಳಿನಲ್ಲಿ ಹಿಸುಕಿ. ಸುಣ್ಣದ ಕಡ್ಡಿಯಂತೆ ಪುಡಿಯಾಗುತ್ತದೆ. ಇಲ್ಲಿ ನಾರು ಕರಗಿ ನೀರಿಗೆ ಇಳಿಯಿತು, ಸುಣ್ಣ ಎಲುಬಿನಲ್ಲೇ ಉಳಿಯಿತು. ಅಂದರೆ ನಾವು ಅಂಟನ್ನು ಕುಡಿಯುತ್ತೇವೆ, ಸುಣ್ಣವನ್ನು ಸೋಸಿ ಎಸೆಯುತ್ತೇವೆ!

ಮನೆಯಲ್ಲಿ ಮಾಡಿದ ಒಂದು ಲೋಟ ಎಲುಬಿನ ಸೂಪಿನಲ್ಲಿ ಸಿಗುವ ಕ್ಯಾಲ್ಸಿಯಂ ಕೆಲವೇ ಮಿಲಿಗ್ರಾಂ. ಟೊಮೆಟೊ, ನಿಂಬೆಹುಳಿ ಹಾಕಿ ಬಹಳ ಹೊತ್ತು ಕುದಿಸಿದರೆ ಸ್ವಲ್ಪ ಹೆಚ್ಚಬಹುದು, ಆದರೂ ದೊಡ್ಡ ಮೊತ್ತವೇನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ಲೋಟ ಹಸುವಿನ ಹಾಲಿನಲ್ಲಿ ಇನ್ನೂರು ಮಿಲಿಗ್ರಾಂಗಿಂತ ಹೆಚ್ಚಿದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಆ ಮನೆಯಲ್ಲಿ ಜೀರ್ಣವಾಗುವುದಿಲ್ಲವೆಂದು ನಿಲ್ಲಿಸಿದ್ದು ಮುದ್ದೆಯನ್ನು, ಮೂಳೆಗೆ ಒಳ್ಳೆಯದೆಂದು ಕೊಟ್ಟಿದ್ದು ಸೂಪನ್ನು!

ಎಲುಬನ್ನೇ ತಿನ್ನುವವರ ಮಾತು ಬೇರೆ. ಸಣ್ಣ ಮೀನನ್ನು ಮುಳ್ಳು ಸಮೇತ ಅಗಿದು ತಿನ್ನುವವರಿಗೆ ಅದರ ಕ್ಯಾಲ್ಸಿಯಂ ದಕ್ಕುತ್ತದೆ.

ಸಸ್ಯಾಹಾರಿ ರೋಗಿಗಳು ಕೆಲವರು ಮೂಳೆ ಮುರಿದಾಗ ಸಂಕೋಚದಿಂದ ಕೇಳುವುದುಂಟು: "ನಾವು ಅದನ್ನೆಲ್ಲ ಮುಟ್ಟುವುದಿಲ್ಲ ಡಾಕ್ಟ್ರೇ, ನಮಗೆ ಮೂಳೆ ಕೂಡುವುದು ತಡವಾಗುತ್ತದೆಯೇ?" ಇಲ್ಲ. ರಾಗಿ, ಹಾಲು, ಮೊಸರು, ಎಳ್ಳು, ಸೊಪ್ಪು, ಬೇಳೆಕಾಳು ಹೊಟ್ಟೆತುಂಬ ತಿಂದು, ದಿನವೂ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಕುಳಿತರೆ ಕಾಲುಸೂಪು ಕುಡಿಯದೆ ಅವರು ಕಳೆದುಕೊಂಡದ್ದೇನೂ ಇಲ್ಲ. ಬಿಸಿಲು ಏಕೆಂದರೆ, ಡಿ ಜೀವಸತ್ವವಿಲ್ಲದೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮನೆಯೊಳಗೇ ಇರುವ ವಯಸ್ಸಾದವರಲ್ಲಿ ಈ ಜೀವಸತ್ವದ ಕೊರತೆ ಬಹಳ ಸಾಮಾನ್ಯ. ವೈದ್ಯರು ಮಾತ್ರೆ ಬರೆದಿದ್ದರೆ ಬಿಡದೆ ಕೊಡಿ.

ಪ್ಯಾರಿಸ್ಸಿನ ನಾಯಿಗಳು

"ಕ್ಯಾಲ್ಸಿಯಂ ಇಲ್ಲದಿದ್ದರೆ ಬೇಡ, ಪ್ರೋಟೀನ್ ಇದೆಯಲ್ಲ" ಎನ್ನಬಹುದು. ಇದೆ. ಫ್ರಿಜ್ಜಿನಲ್ಲಿಟ್ಟ ಎಲುಬಿನ ನೀರು ಮರುದಿನ ಜೆಲ್ಲಿಯಂತೆ ಗಟ್ಟಿಯಾಗುತ್ತದೆ. ಅದನ್ನು ನೋಡಿ ಕೆಲವರು ಕೆಟ್ಟಿತೆಂದು ಚೆಲ್ಲುತ್ತಾರೆ, ಕೆಲವರು ಅದೇ ಕೊಲೆಸ್ಟರಾಲ್ ಎಂದು ಹೆದರುತ್ತಾರೆ. ಎರಡೂ ಅಲ್ಲ. ಕೊಲಾಜೆನ್ ಬೆಂದು ಕರಗಿ ಆಗುವ ಜೆಲಾಟಿನ್ ಅದು. ಹಿಂದೆ ಬಡಗಿಗಳು ಬಿಸಿ ಮಾಡಿ ಮರಕ್ಕೆ ಹಚ್ಚುತ್ತಿದ್ದ ಅಂಟು ಇದರ ದಾಯಾದಿಯೇ. ಬಿಸಿ ಮಾಡಿದರೆ ಮತ್ತೆ ನೀರಾಗುತ್ತದೆ.

ಈ ಜೆಲಾಟಿನ್‌ಗೆ ಒಂದು ಹಳೆಯ ಕಥೆಯಿದೆ. 1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ, ಹಬೆಯನ್ನು ಒಳಗೇ ಹಿಡಿದಿಟ್ಟು ಎಲುಬನ್ನು ಮೆತ್ತಗೆ ಬೇಯಿಸುವ ಒಂದು ಪಾತ್ರೆಯನ್ನು ಮಾಡಿ ತೋರಿಸಿದ. ಇಂದು ನಮ್ಮ ಅಡುಗೆಮನೆಯಲ್ಲಿ ಸೀಟಿ ಹೊಡೆಯುವ ಕುಕ್ಕರಿನ ಮೂಲಪುರುಷ ಅದೇ. ಬಿಸಾಡುವ ಎಲುಬಿನಿಂದ ಬಡವರ ಹೊಟ್ಟೆ ತುಂಬಿಸಬಹುದೆಂಬ ಆಸೆ ಅಲ್ಲಿಂದ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಎಲುಬಿನಿಂದ ತೆಗೆದ ಜೆಲಾಟಿನ್ ಸೂಪನ್ನು ರೋಗಿಗಳಿಗೂ ಬಡವರಿಗೂ ಹಂಚಿದರು. ಕುಡಿದವರು ಗೊಣಗಿದರು. ಕೊನೆಗೆ ಅಲ್ಲಿನ ವಿಜ್ಞಾನ ಅಕಾಡೆಮಿ ಒಂದು ಸಮಿತಿ ನೇಮಿಸಿತು. ಶರೀರಶಾಸ್ತ್ರಜ್ಞ ಮಜಾಂಡಿ ಅದರ ಮುಂದಾಳು. ನಾಯಿಗಳಿಗೆ ಬರಿ ಜೆಲಾಟಿನ್ ಕೊಟ್ಟು ನೋಡಿದಾಗ ಅವು ಸೊರಗಿ ಸತ್ತವು. 1841ರ ವರದಿಯಲ್ಲಿ ಸಮಿತಿ ಇದನ್ನೆಲ್ಲ ಬರೆಯಿತು.

ಕಾರಣ ಆಗ ತಿಳಿದಿರಲಿಲ್ಲ, ಈಗ ತಿಳಿದಿದೆ. ಪ್ರೋಟೀನ್ ಎಂಬುದು ಅಮೈನೊ ಆಮ್ಲಗಳ ಮಣಿಸರ. ಅವುಗಳಲ್ಲಿ ಒಂಬತ್ತನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ಜೆಲಾಟಿನ್‌ನಲ್ಲಿ ಆ ಒಂಬತ್ತರ ಪೈಕಿ ಟ್ರಿಪ್ಟೊಫಾನ್ ಎಂಬುದು ಇಲ್ಲವೇ ಇಲ್ಲ, ಇನ್ನು ಕೆಲವು ಬಹಳ ಕಡಿಮೆ. ಒಂದು ಮೊಟ್ಟೆಯ ಆರು ಗ್ರಾಂ ಪ್ರೋಟೀನ್ ಮಾಡುವ ಕೆಲಸವನ್ನು ಆರು ಗ್ರಾಂ ಜೆಲಾಟಿನ್ ಮಾಡಲಾರದು. ಬೇಳೆ, ಮೊಟ್ಟೆ, ಮಾಂಸದ ಜೊತೆಗೆ ಹೋದರೆ ಅದೂ ಉಪಯೋಗಕ್ಕೆ ಬರುತ್ತದೆ. ಒಂಟಿಯಾಗಿ ಹೋದರೆ ಇಲ್ಲ.

ಈಗ ನಮ್ಮ ಅಜ್ಜಿಯ ಲೆಕ್ಕ ಹಾಕಿ. ಜಿಡ್ಡು ತೆಗೆದ ಒಂದು ಲೋಟ ತಿಳಿ ಸೂಪಿನಲ್ಲಿ ಐವತ್ತು ಕ್ಯಾಲೊರಿ ಸಿಕ್ಕರೆ ಹೆಚ್ಚು. ಮೂರು ಲೋಟಕ್ಕೆ ನೂರೈವತ್ತು. ಹಾಸಿಗೆಯಲ್ಲಿದ್ದರೂ ಅವರಿಗೆ ದಿನಕ್ಕೆ ಸುಮಾರು ಸಾವಿರದ ಐನೂರು ಬೇಕು. ಶಸ್ತ್ರಚಿಕಿತ್ಸೆಯಾದ ದೇಹಕ್ಕೆ ಐವತ್ತು-ಅರವತ್ತು ಗ್ರಾಂ ಪ್ರೋಟೀನ್ ಬೇಕಾದಲ್ಲಿ ಹತ್ತೋ ಹದಿನೈದೋ ಗ್ರಾಂ, ಅದೂ ಅರೆಬರೆಯದು. ಬಾಕಿಯನ್ನು ದೇಹ ತನ್ನ ತೊಡೆ, ತೋಳುಗಳ ಮಾಂಸಖಂಡದಿಂದಲೇ ವಸೂಲು ಮಾಡಿಕೊಂಡಿತ್ತು. ಹೃದಯ, ಮೂತ್ರಪಿಂಡ ಪರೀಕ್ಷಿಸಿದೆ, ಅವು ಸರಿಯಿದ್ದವು. ಕಾಲು ಊದಿದ್ದು ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇಳಿದಿದ್ದರಿಂದ.

ಮಂಡಿನೋವಿಗೆ ಕಾಲುಸೂಪು ಕುಡಿಯುವವರಿಗೂ ಒಂದು ಮಾತು. ಕುಡಿದ ಅಂಟು ನೇರವಾಗಿ ಮಂಡಿಗೆ ಹೋಗಿ ಕೂರುವುದಿಲ್ಲ. ಹೊಟ್ಟೆಯಲ್ಲಿ ಒಡೆದು ಚೂರಾಗಿ ಎಲ್ಲ ಪ್ರೋಟೀನಿನಂತೆ ರಕ್ತಕ್ಕೆ ಸೇರುತ್ತದೆ. ಈಚೆಗೆ ಡಬ್ಬಿಗಳಲ್ಲಿ ಮಾರುವ ಕೊಲಾಜೆನ್ ಪುಡಿಯಿಂದ ಮಂಡಿನೋವು ಸ್ವಲ್ಪ ಕಡಿಮೆಯಾಯಿತೆಂದು ಹೇಳುವ ಕೆಲವು ಸಣ್ಣ ಅಧ್ಯಯನಗಳಿವೆ, ಆದರೆ ಅವುಗಳಲ್ಲಿ ಹಲವಕ್ಕೆ ಹಣ ಕೊಟ್ಟವರು ಪುಡಿ ಮಾರುವವರೇ. ಆ ಬೆಲೆಗೆ ತಿಂಗಳಿಡೀ ಮನೆಮಂದಿಗೆಲ್ಲ ಮೊಟ್ಟೆ ಬರುತ್ತದೆ.

ಹಾಗಾದರೆ ಸೂಪಿನಿಂದ ಪ್ರಯೋಜನ?

ಇದೆ. ಬಾಯಿರುಚಿ ಕೆಟ್ಟವರಿಗೆ ಅದು ಹಸಿವನ್ನು ಎಬ್ಬಿಸುತ್ತದೆ. ಜ್ವರದಲ್ಲಿ ಬೆವರಿ ಕಳೆದ ನೀರು, ಉಪ್ಪನ್ನು ತುಂಬಿಕೊಡುತ್ತದೆ. ನೆಗಡಿಯಲ್ಲಿ ಕಟ್ಟಿದ ಮೂಗು ಬಿಸಿ ಹಬೆಗೆ ಬಿಡುತ್ತದೆ. ಅಜ್ಜಿಯರ ಈ ಮಾತನ್ನು ವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ. ಅಮೆರಿಕದ ನೆಬ್ರಾಸ್ಕಾದ ಸ್ಟೀಫನ್ ರೆನಾರ್ಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತರಕಾರಿ ಹಾಕಿದ ಕೋಳಿ ಸೂಪು ಬಿಳಿ ರಕ್ತಕಣಗಳ ಓಡಾಟವನ್ನು ಸ್ವಲ್ಪ ತಗ್ಗಿಸಿತು. ಹೀಗಾಗಿ ಉರಿಯೂತ ಕಡಿಮೆಯಾಗಬಹುದೆಂದು ಅವರು ಊಹಿಸಿದರು. ಅದು ಗಾಜಿನ ಕೊಳವೆಯಲ್ಲಿ ಮಾಡಿದ ಪ್ರಯೋಗ, ಮನುಷ್ಯರ ಮೇಲೆ ಅಲ್ಲ. ಹಾಗಾಗಿ ಸೂಪು ನೆಗಡಿಯ ಔಷಧಿ ಎನ್ನಲಾಗದು. ನೆಗಡಿಯಾದಾಗ ಕುಡಿದರೆ ಹಿತವಾಗುತ್ತದೆ, ಅಷ್ಟು ಸಾಕಲ್ಲ? ಎಲ್ಲಕ್ಕಿಂತ ಮುಖ್ಯವಾಗಿ ಒಳ್ಳೆಯ ಎಲುಬಿನ ನೀರು ಅನ್ನ, ಬೇಳೆ, ತರಕಾರಿಗಳಿಗೆ ರುಚಿ ಕೊಟ್ಟು ಅವುಗಳನ್ನು ಹೊಟ್ಟೆಗೆ ಇಳಿಸುತ್ತದೆ. ಸೂಪನ್ನು ಊಟದ ಬದಲಿಗೆ ಕೊಡಬೇಡಿ, ಊಟವನ್ನೇ ಸೂಪಿನೊಳಗೆ ಹಾಕಿ.

ಮಾಡುವ ಬಗೆ

ಈಗೀಗ ಪೇಟೆಗಳಲ್ಲಿ ಎಲುಬಿಲ್ಲದ ಮಾಂಸ ಕೇಳುವವರೇ ಹೆಚ್ಚು. ಕೈಮಕ್ಕೆ, ಕಬಾಬಿಗೆ ಮಾಂಸ ಬಿಡಿಸಿದ ಮೇಲೆ ಉಳಿಯುವ ಎಲುಬನ್ನು ಅಂಗಡಿಯವನ ಬಳಿಯೇ ಬಿಟ್ಟು ಬರಬೇಡಿ, ಅದಕ್ಕೂ ನೀವು ದುಡ್ಡು ಕೊಟ್ಟಿದ್ದೀರಿ. ಕುರಿ, ಮೇಕೆಯದಾದರೆ ಕೀಲಿನ ಗಂಟು, ಪಕ್ಕೆಲುಬು, ನಲ್ಲಿಮೂಳೆ, ಕಾಲು. ಕೋಳಿಯದಾದರೆ ಬೆನ್ನು, ಕತ್ತು, ರೆಕ್ಕೆಯ ತುದಿ, ಪಾದ. ಅಂಟು ಹೆಚ್ಚಾಗಿ ಬರುವುದು ಕೀಲು ಮತ್ತು ಪಾದದಿಂದ. ಒಂದೇ ದಿನಕ್ಕೆ ಸಾಕಷ್ಟು ಸೇರದಿದ್ದರೆ ತೊಳೆದು, ನೀರು ಬಸಿದು, ಕವರಿನಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟು ಕೂಡಿಸಿಕೊಳ್ಳಿ. ಸಾರಿನ ಪಾತ್ರೆಯಲ್ಲಿ ಬೆಂದು ಉಳಿದ ಎಲುಬನ್ನೂ ಹಾಕಬಹುದು. ಆದರೆ ತಟ್ಟೆಯಲ್ಲಿ ಒಬ್ಬರು ಕಚ್ಚಿ ಬಿಟ್ಟ ಎಲುಬು ಬೇಡ. ಎಂಜಲೆಂಬ ಮಡಿಯ ಮಾತಲ್ಲ ಇದು, ಬಾಯಿಯ ರೋಗಾಣುಗಳ ಮಾತು.

ಅರ್ಧ ಕಿಲೋ ಎಲುಬಿಗೆ ಎರಡು ಲೀಟರಿನಷ್ಟು ನೀರು ಹಿಡಿಯುತ್ತದೆ. ಎಲುಬನ್ನು ಅರಿಶಿನ ಹಚ್ಚಿ ತೊಳೆಯಿರಿ. ಮೊದಲು ಮುಳುಗುವಷ್ಟು ತಣ್ಣೀರಿನಲ್ಲಿಟ್ಟು ಐದು ನಿಮಿಷ ಕುದಿಸಿ, ಬೂದು ನೊರೆ ಬಂದ ಆ ನೀರನ್ನು ಚೆಲ್ಲಿಬಿಡಿ. ಸತ್ವ ಹೋಯಿತೆಂದು ಮರುಗಬೇಡಿ, ಹೋದದ್ದು ಬರಿ ರಕ್ತದ ಕೊಳೆ. ಬಣ್ಣ, ಘಮ ಬೇಕೆನ್ನುವವರು ಬಸಿದ ಎಲುಬನ್ನು ಕಬ್ಬಿಣದ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಹಾಕಿ ಕೆಂಪಗೆ ಹುರಿಯಬಹುದು. ನಂತರ ಹೊಸದಾಗಿ ತಣ್ಣೀರು ಹಾಕಿ ಒಲೆಗಿಡಿ. ತಣ್ಣೀರೇ ಏಕೆಂದರೆ, ನಿಧಾನವಾಗಿ ಬಿಸಿಯೇರಿದಾಗ ನೊರೆಯೆಲ್ಲ ಮೇಲೆ ಬಂದು ತೆಗೆಯಲು ಸುಲಭ, ನೀರು ತಿಳಿಯಾಗಿರುತ್ತದೆ. ಸಿಪ್ಪೆ ಸಮೇತ ಜಜ್ಜಿದ ಒಂದು ಈರುಳ್ಳಿ, ಒಂದಿಂಚು ಶುಂಠಿ, ಏಳೆಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಕಾಳುಮೆಣಸು, ಅಷ್ಟೇ ಜೀರಿಗೆ, ಎರಡು ಚಮಚ ಧನಿಯ, ಬಿಸಾಡಬೇಕೆಂದಿದ್ದ ಕೊತ್ತಂಬರಿ ಸೊಪ್ಪಿನ ಕಡ್ಡಿ ಇಷ್ಟನ್ನು ಹಾಕಿದರೆ ಸಾಕು. ಒಂದು ಟೊಮೆಟೊ ನಿಮ್ಮ ಇಷ್ಟ.

ಇನ್ನು ಕುದಿ. ಕೊತಕೊತನೆ ಕುದಿಸಿದರೆ ಜಿಡ್ಡು ಒಡೆದು ಸೂಪು ಮಬ್ಬಾಗುತ್ತದೆ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಉರಿ ಇರಲಿ. ಪಾತ್ರೆಯಲ್ಲಾದರೆ ಕೋಳಿ ಎಲುಬಿಗೆ ಎರಡು ಗಂಟೆ, ಕುರಿ ಎಲುಬಿಗೆ ನಾಲ್ಕು ಗಂಟೆ. ಇಷ್ಟು ಹೊತ್ತು ಗ್ಯಾಸ್ ಉರಿಸುವುದು ದುಬಾರಿ, ಆದ್ದರಿಂದ ಕುಕ್ಕರೇ ನಮಗೆ ಸರಿ. ಕುಕ್ಕರಿನ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಮೊದಲ ಸೀಟಿಯ ನಂತರ ಉರಿ ತಗ್ಗಿಸಿ ಕೋಳಿಗೆ ಮುಕ್ಕಾಲು ಗಂಟೆ, ಕುರಿಗೆ ಒಂದೂಕಾಲು ಗಂಟೆ ಬಿಡಿ. ಹಬೆ ತಾನಾಗಿಯೇ ಇಳಿಯಲಿ. ಉಪ್ಪನ್ನು ಕೊನೆಗೆ, ಬಡಿಸುವಾಗ ಹಾಕಿ. ಮೊದಲೇ ಹಾಕಿದರೆ ನೀರು ಬತ್ತಿದಂತೆ ಉಪ್ಪು ಏರುತ್ತದೆ, ಮನೆಯಲ್ಲಿ ರಕ್ತದೊತ್ತಡದವರಿದ್ದರೆ ಅವರ ಪಾಲನ್ನು ಬೇರೆ ತೆಗೆಯಲೂ ಆಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಸೂಪಿನ ಬಿಲ್ಲೆ, ಪುಡಿಗಳಲ್ಲಿ ಉಪ್ಪು ವಿಪರೀತ.

ಬೆಂದ ಮೇಲೆ ತೆಳು ಬಟ್ಟೆಯಲ್ಲಿ ಸೋಸಲೇಬೇಕು. ಮಚ್ಚಿನಲ್ಲಿ ಒಡೆದ ಎಲುಬಿನ ಚೂರು ಸೂಜಿಯಂತಿರುತ್ತದೆ. ಮಕ್ಕಳ, ಹಲ್ಲಿಲ್ಲದ ಮುದುಕರ ಗಂಟಲಿಗೆ ಸಿಕ್ಕಿದರೆ ಫಜೀತಿ. ಎಲುಬಿಗೆ ಅಂಟಿದ ಮಾಂಸದ ಚೂರುಗಳನ್ನು ಬಿಡಿಸಿ ಸೂಪಿಗೇ ಹಾಕಿ, ಪೂರ್ಣ ಪ್ರೋಟೀನ್ ಇರುವುದು ಅದರಲ್ಲಿ. ನಲ್ಲಿಮೂಳೆಯೊಳಗಿನ ನೆಣ ತಿನ್ನಲು ರುಚಿ, ಆದರೆ ಅದು ಬಹುತೇಕ ಕೊಬ್ಬು. ಬೆಳೆಯುವ ತೆಳ್ಳನೆಯ ಹುಡುಗರು ತಿನ್ನಲಿ, ಹೃದಯದ ತೊಂದರೆಯುಳ್ಳ ಅಜ್ಜ ಮೊಮ್ಮಗನಿಗೆ ಬಿಟ್ಟುಕೊಡಲಿ. ಫ್ರಿಜ್ಜಿನಲ್ಲಿ ಮೇಲೆ ಕಟ್ಟುವ ಬಿಳಿ ಜಿಡ್ಡಿನ ಪದರವನ್ನು ಚಮಚದಲ್ಲಿ ಎತ್ತಿ ತೆಗೆಯುವುದು ಸುಲಭ.

ಇಷ್ಟಾದರೆ ಎಲುಬಿನ ನೀರು ಸಿದ್ಧ. ಅದನ್ನು ಊಟವಾಗಿಸಲು, ನಾಲ್ಕು ಲೋಟಕ್ಕೆ ಒಂದು ಹಿಡಿ ಹೆಸರುಬೇಳೆ, ಸಣ್ಣಗೆ ಹೆಚ್ಚಿದ ಕ್ಯಾರೆಟ್, ಬೀನ್ಸ್, ಒಂದು ಹಿಡಿ ನುಗ್ಗೆಸೊಪ್ಪು ಹಾಕಿ ಬೇಯಿಸಿ. ಎರಡು ದೊಡ್ಡ ಚಮಚ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ ಬೆರೆಸಿ ಹತ್ತು ನಿಮಿಷ ಕುದಿಸಿ. ಕೊನೆಯಲ್ಲಿ ಒಡೆದು ಕಲಕಿದ ಎರಡು ಮೊಟ್ಟೆಗಳನ್ನು ದಾರದಂತೆ ಸುರಿದು ತಿರುವಿ, ಮೊಟ್ಟೆ ಪೂರ್ತಿ ಬೇಯುವವರೆಗೆ ಒಲೆಯ ಮೇಲಿರಲಿ. ಮೆಣಸಿನಪುಡಿ, ನಿಂಬೆರಸ ಬಾಯಿಗೆ ಹಿತವಾಗುವಷ್ಟು.

ನಮ್ಮ ಅಜ್ಜಿಗೆ ಹೇಳಿಕೊಟ್ಟದ್ದೂ ಇದನ್ನೇ. ಅವರಿಗೆ ಸೂಪೆಂದರೆ ನಿಜವಾಗಿಯೂ ಇಷ್ಟವಿತ್ತು, ಆದ್ದರಿಂದ ನಿಲ್ಲಿಸಲಿಲ್ಲ. ಬೆಳಿಗ್ಗೆ ರಾಗಿ ಗಂಜಿಗೆ ಹಾಲು, ಮಧ್ಯಾಹ್ನ ಸಣ್ಣ ಮುದ್ದೆ ಮತ್ತು ಬೇಳೆ ಸಾರು, ಎರಡು ಮೊಟ್ಟೆ, ಸಂಜೆ ಈ ಗಟ್ಟಿ ಸೂಪು. ಜೊತೆಗೆ ಡಿ ಜೀವಸತ್ವ, ಹುಣ್ಣಿನ ಆರೈಕೆ, ದಿನವೂ ಹಾಸಿಗೆಯ ಅಂಚಿನಲ್ಲಿ ಕುಳಿತು ಕಾಲು ಚಾಚುವ ವ್ಯಾಯಾಮ. "ಏನಪ್ಪಾ ಡಾಕ್ಟ್ರೇ, ಮುದ್ದೆ ತಿಂದ್ರೆ ಏನೂ ಆಗಲ್ವಾ?" ಎಂದು ಎರಡೆರಡು ಬಾರಿ ಕೇಳಿ ಖಾತ್ರಿ ಮಾಡಿಕೊಂಡರು. ಎರಡು ತಿಂಗಳಿಗೆ ನಾಲ್ಕು ಕಿಲೋ ಬಂತು. ಈಗ ವಾಕರ್ ಹಿಡಿದು ಜಗುಲಿಯವರೆಗೆ ಬರುತ್ತಾರೆ. ಹೋದ ಆರು ವಾರದ ಮಾಂಸಖಂಡ ಮಾತ್ರ ಪೂರ್ತಿ ವಾಪಸು ಬಂದಿಲ್ಲ. ಆ ವಯಸ್ಸಿನಲ್ಲಿ ಬರುವುದೂ ಕಷ್ಟ.

ರಾತ್ರಿಯಿಡೀ ಒಲೆಯ ಮೇಲೆ ಬಿಡಬೇಡಿ

ನಾವು ವೈದ್ಯಕೀಯ ಓದುವಾಗ ರೋಗಾಣುಗಳನ್ನು ಬೆಳೆಸಲು ಪ್ರಯೋಗಶಾಲೆಯಲ್ಲಿ ಕಂದುಬಣ್ಣದ ಒಂದು ದ್ರವವನ್ನು ಬಳಸುತ್ತಿದ್ದೆವು. ಅದು ಮಾಂಸದ ಸಾರದಿಂದ ಮಾಡಿದ್ದು. ಅಂದರೆ ನಿಮ್ಮ ಮನೆಯ ಸೂಪು, ರೋಗಾಣುಗಳ ಹಬ್ಬದೂಟ, ಎರಡೂ ಒಂದೇ ಬಳಗ! ಹುಣಸೆಹಣ್ಣು ಹಾಕಿದ ಸಾರನ್ನು ಎರಡು ಹೊತ್ತು ಕುದಿಸಿ ಮರುದಿನಕ್ಕೂ ಇಟ್ಟು ರೂಢಿಯಿರುವವರು ಎಲುಬಿನ ನೀರನ್ನೂ ಹಾಗೆಯೇ ಇಡುತ್ತಾರೆ. ಸಾರಿನ ಹುಳಿ ರೋಗಾಣುಗಳನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ, ಎಲುಬಿನ ನೀರಿನಲ್ಲಿ ಆ ಕಾವಲು ಇಲ್ಲ.

ಮಾಂಸದಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಒಂದು ರೋಗಾಣು ಇರಬಹುದು. ಅದರ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಸೂಪು ಉಗುರುಬೆಚ್ಚಗಾದಾಗ ಅವು ಮೊಳೆತು, ನಲವತ್ತೈದು ಡಿಗ್ರಿಯ ಆಸುಪಾಸಿನಲ್ಲಿ ಬಹಳ ವೇಗವಾಗಿ ಬೆಳೆಯುತ್ತವೆ. ದೊಡ್ಡ ಪಾತ್ರೆ, ಮುಚ್ಚಿದ ಮುಚ್ಚಳ, ಒಲೆಯ ಕಾವು, ನಮ್ಮ ಬೇಸಿಗೆ ಇಷ್ಟಿದ್ದರೆ ಸೂಪು ರಾತ್ರಿಯಿಡೀ ಅದೇ ಬಿಸಿಯಲ್ಲಿರುತ್ತದೆ. ಬೆಳಿಗ್ಗೆ ಬೆಚ್ಚಗೆ ಮಾಡಿ ಕುಡಿದವರಿಗೆ ಸಂಜೆ ಅಥವಾ ರಾತ್ರಿ ಹೊಟ್ಟೆ ನುಲಿತ, ಭೇದಿ. ಗಟ್ಟಿಮುಟ್ಟಾದವರು ಒಂದು ದಿನದಲ್ಲಿ ಸುಧಾರಿಸಿಕೊಳ್ಳುತ್ತಾರೆ. ಹಾಸಿಗೆ ಹಿಡಿದ ಮುದುಕರಿಗೆ ಆ ಒಂದು ದಿನವೇ ಹೆಚ್ಚಾದೀತು. "ಮತ್ತೆ ಕುದಿಸಿದೆವಲ್ಲ" ಎನ್ನಬೇಡಿ. ಬೇರೆ ಕೆಲವು ರೋಗಾಣುಗಳು ಬಿಟ್ಟುಹೋದ ವಿಷ ಕುದಿಸಿದರೂ ಹೋಗುವುದಿಲ್ಲ.

ಆದ್ದರಿಂದ ಸೋಸಿದ ಕೂಡಲೇ ಅಗಲವಾದ ಚಿಕ್ಕ ಪಾತ್ರೆಗಳಿಗೆ ಹಂಚಿ, ತಣ್ಣೀರು ತುಂಬಿದ ಬೇಸಿನ್ನಿನಲ್ಲಿಟ್ಟು, ನೀರು ಬೆಚ್ಚಗಾದಂತೆ ಬದಲಿಸಿ, ನಡುನಡುವೆ ತಿರುವಿ ತಣಿಸಿ. ಎರಡು ಗಂಟೆಯೊಳಗೆ ಫ್ರಿಜ್ಜು ಸೇರಬೇಕು. ಅಲ್ಲಿ ಮೂರು ದಿನ ಇರುತ್ತದೆ. ಫ್ರೀಜರಿನಲ್ಲಿ ಎರಡು ಮೂರು ತಿಂಗಳು ಧಾರಾಳ. ಐಸ್ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದರೆ ಬೇಕಾದಷ್ಟೇ ಬಿಲ್ಲೆ ತೆಗೆಯಬಹುದು. ಅಂದಂದಿಗೆ ಬೇಕಾದಷ್ಟನ್ನು ಮಾತ್ರ ತೆಗೆದು ಚೆನ್ನಾಗಿ ಕುದಿ ಬರಿಸಿ, ಉಳಿದದ್ದನ್ನು ಮತ್ತೆ ಒಳಗಿಡಬೇಡಿ. ಫ್ರಿಜ್ಜಿಲ್ಲದ ಮನೆಯವರು, ದಿನವೂ ಕರೆಂಟು ಹೋಗುವ ಊರಿನವರು ಒಂದು ಹೊತ್ತಿಗಾಗುವಷ್ಟೇ ಮಾಡಿಕೊಳ್ಳುವುದು ಲೇಸು.

ಎಚ್ಚರ ವಹಿಸಬೇಕಾದವರು

ಮೂತ್ರಪಿಂಡದ ಕಾಯಿಲೆಯವರು, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರು ತಮ್ಮ ವೈದ್ಯರನ್ನು ಕೇಳದೆ ಕುಡಿಯಬೇಡಿ. ಮಾಂಸ, ತರಕಾರಿಯಿಂದ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ, ಉಪ್ಪು ಮತ್ತು ನೀರಿನ ಲೆಕ್ಕವೂ ತಪ್ಪುತ್ತದೆ. ಹೃದಯ ದುರ್ಬಲವಾಗಿ ಕಾಲು ಊದುವವರಿಗೂ ಇದೇ ಮಾತು. ಗೌಟ್, ಅಂದರೆ ಯೂರಿಕ್ ಆಮ್ಲ ಹೆಚ್ಚಾಗಿ ಹೆಬ್ಬೆರಳಿನ ಬುಡ ಊದಿ ನೋಯುವವರು ದೂರವಿದ್ದರೆ ಒಳ್ಳೆಯದು. ಯೂರಿಕ್ ಆಮ್ಲವಾಗಿ ಬದಲಾಗುವ ಪ್ಯೂರಿನ್ ಎಂಬ ಅಂಶ ಮಾಂಸ ಬೆಂದ ನೀರಿಗೆ ಇಳಿದಿರುತ್ತದೆ. ಎಷ್ಟೋ ಜನ ಗೌಟನ್ನೇ "ಕೀಲುನೋವು" ಎಂದುಕೊಂಡು, ಅದಕ್ಕೆ ಮದ್ದೆಂದು ಕಾಲುಸೂಪು ಕುಡಿದು, ನೋವು ಹೆಚ್ಚಿಸಿಕೊಂಡು ಬರುತ್ತಾರೆ. ರಕ್ತಹೀನತೆಗೂ ಇದು ಮದ್ದಲ್ಲ, ಇದರಲ್ಲಿ ಕಬ್ಬಿಣಾಂಶ ಬಹಳ ಕಡಿಮೆ.

ಹಸುಗೂಸುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ. ಅನಂತರ "ಎಲುಬಿನ ನೀರು ಕುಡಿಸಿದರೆ ಮಗು ಬೇಗ ನಡೆಯುತ್ತದೆ" ಎಂದು ಬಾಟಲಿಗಟ್ಟಲೆ ಕುಡಿಸುವವರಿದ್ದಾರೆ. ಇಂಗ್ಲೆಂಡಿನಲ್ಲೂ ಒಂದು ಕಾಲಕ್ಕೆ ಹಾಲು ಬಿಡಿಸುವ ಕೂಸುಗಳಿಗೆ ಎಲುಬಿನ ಸೂಪು ಕೊಡುವ ಪದ್ಧತಿಯಿತ್ತು. ಮೆಕ್ಯಾನ್ಸ್, ಶೆಲ್ಡನ್, ವಿಡೋಸನ್ ಎಂಬ ಮೂವರು 1934ರಲ್ಲಿ ಅದನ್ನು ಅಳೆದು ನೋಡಿ, ಅದರಿಂದ ಹೆಚ್ಚಿನ ಪೋಷಣೆಯಿಲ್ಲ ಎಂದು ತೋರಿಸಿದರು. ಕೂಸಿನ ಹೊಟ್ಟೆ ಅದರ ಮುಷ್ಟಿಗಿಂತ ಅಷ್ಟೇನೂ ದೊಡ್ಡದಲ್ಲ. ಅದನ್ನು ನೀರಿನಿಂದ ತುಂಬಿಸಿದರೆ ಗಟ್ಟಿ ಆಹಾರಕ್ಕೆ ಜಾಗವೆಲ್ಲಿ? ಚಮಚ ಓರೆ ಮಾಡಿದರೆ ಜಾರಿಹೋಗದಷ್ಟು ಗಟ್ಟಿಯಾಗಿರಬೇಕು ಮಗುವಿನ ಊಟ. ಅನ್ನ-ಬೇಳೆ ಮಸೆಯುವಾಗ ಉಪ್ಪಿಲ್ಲದ ಎಲುಬಿನ ನೀರನ್ನು ಒಂದೆರಡು ಚಮಚ ಬೆರೆಸಿದರೆ ತಪ್ಪಿಲ್ಲ. ಭೇದಿಯಾಗುತ್ತಿರುವ ಮಗುವಿಗೆ ಸೂಪಲ್ಲ, ಓಆರ್‌ಎಸ್ ಕೊಡಿ.

ಬಾಣಂತಿಯರು ಧಾರಾಳವಾಗಿ ಕುಡಿಯಲಿ, ಊಟದ ಜೊತೆಗೆ.

ಕೊನೆಗೆ ಸೋಸಿ ಉಳಿದ ಎಲುಬು. ಅದನ್ನು ಮನೆಯ ನಾಯಿಗೆ ಹಾಕುವುದು ನಮ್ಮಲ್ಲಿ ರೂಢಿ. ಬೆಂದ ಎಲುಬು, ಅದರಲ್ಲೂ ಕೋಳಿಯದು, ಚೂಪಾಗಿ ಸೀಳಿ ನಾಯಿಯ ಕರುಳನ್ನು ಹರಿಯಬಹುದು. ಹಿತ್ತಲಿನಲ್ಲಿ ಜಾಗವಿದ್ದರೆ ತೆಂಗಿನ ಬುಡದಲ್ಲೋ ಕರಿಬೇವಿನ ಬುಡದಲ್ಲೋ ಒಂದೂವರೆ ಅಡಿ ಆಳಕ್ಕೆ ಹೂತು ಮೇಲೊಂದು ಕಲ್ಲಿಡಿ, ಇಲ್ಲದಿದ್ದರೆ ಬೀದಿನಾಯಿಗಳು ರಾತ್ರಿಯೇ ಬಗೆದು ಹಾಕುತ್ತವೆ.